ಕಿಬ್ಬರ್ ಮತ್ತು ಅಕ್ಕಪಕ್ಕದ ಊರುಗಳು: ಫಲಕದ ಮೇಲಿನ ಎತ್ತರ, ಕಾಲುವೆಯೊಳಗಿನ ನೀರು

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ, ಅದರ ಮುಖ್ಯ ಪಟ್ಟಣವಾದ ಕಾಜಾದಿಂದ ಮೇಲಕ್ಕೆ ಯಾವ ರಸ್ತೆ ಹಿಡಿದರೂ ಸ್ವಲ್ಪ ಹೊತ್ತಿನಲ್ಲಿ ಒಂದು ದಾಖಲೆಯ ಫಲಕ ಎದುರಾಗುತ್ತದೆ. ಮೋಟಾರು ರಸ್ತೆಯಿರುವ ಜಗತ್ತಿನ ಅತಿ ಎತ್ತರದ ಹಳ್ಳಿ ಎಂಬ ಬಿರುದು ಬಹುಕಾಲ ಕಿಬ್ಬರ್‌ನದಾಗಿತ್ತು. ಈಗ ಅದನ್ನು 4,587 ಮೀಟರ್ ಎಂದು ಫಲಕ ನೆಟ್ಟುಕೊಂಡಿರುವ ಕೊಮಿಕ್ ಹೊತ್ತುಕೊಂಡಿದೆ. ಹಿಕ್ಕಿಂನಲ್ಲಿ 1983ರಿಂದ ನಡೆಯುತ್ತಿರುವ ಅಂಚೆ ಕಚೇರಿ ಜಗತ್ತಿನಲ್ಲೇ ಎತ್ತರದ್ದೆಂದು ಹೆಸರಾಗಿದೆ. ಮತಗಟ್ಟೆಯ ದಾಖಲೆಯೂ ಮೊದಲು ಹಿಕ್ಕಿಂನ ಪಾಲಿಗೇ ಇತ್ತು. 2019ರಲ್ಲಿ ಅದು 15,256 ಅಡಿ ಎತ್ತರದ ತಾಶಿಗಂಗ್‌ಗೆ ಏರಿತು. ಕಿಬ್ಬರ್‌ನ ಎದುರಿಗೆ, ಆಳವಾದ ಕಮರಿಯ ಆಚೆ ಇರುವ ಚಿಚಂಗೆ 2017ರಲ್ಲಿ ಬಂದ ಸೇತುವೆಯನ್ನು ಏಷ್ಯಾದಲ್ಲೇ ಎತ್ತರದ್ದೆಂದು ಕರೆಯಲಾಗುತ್ತದೆ. ಈ ಬಿರುದುಗಳನ್ನು ಅಳತೆಪಟ್ಟಿ ಹಿಡಿದು ಪರೀಕ್ಷಿಸಹೊರಟರೆ ಕೆಲವು ನಿಲ್ಲುವುದಿಲ್ಲ. ಪೆರು ದೇಶದ ಲಾ ರಿಂಕೊನಾಡಾ ಎಂಬ ಗಣಿ ಊರು 5,000 ಮೀಟರಿಗೂ ಮೇಲಿದ್ದು ಅಲ್ಲಿಗೂ ವಾಹನಗಳು ಹೋಗುತ್ತವೆ. ಆದರೆ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಪೆರುವಿನ ಚಿಂತೆ ಯಾಕೆ.

ಈ ಊರುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಈ ಅಂಕಿಗಳೇ. ಇಲ್ಲವಾದರೆ ಹವಾಮಾನ ಬದಲಾವಣೆಯಿಂದ ಅಳಿಯುತ್ತಿರುವ ಹಳ್ಳಿ ಎಂಬ ಮರುಕದ ವರದಿ. ಎರಡರಲ್ಲೂ ಒಂದು ಸಂಗತಿ ಬಿಟ್ಟುಹೋಗುತ್ತದೆ. ಕಿಬ್ಬರ್, ಚಿಚಂ, ಗೇಟೆ, ತಾಶಿಗಂಗ್ ಒಂದು ಕಡೆ, ಲಂಗ್ಜಾ, ಹಿಕ್ಕಿಂ, ಕೊಮಿಕ್ ಇನ್ನೊಂದು ಕಡೆ, ಇವು ತಮ್ಮಷ್ಟಕ್ಕೆ ತಾವಿರುವ ಬಿಡಿ ಊರುಗಳಾಗಿ ಬದುಕಿದವಲ್ಲ. ನೀರು, ಮೇವು, ಹೆಣ್ಣು ಕೊಟ್ಟು ತರುವ ಸಂಬಂಧ, ದಾರಿ, ಈಗ ಪ್ರವಾಸಿಯ ಹಣ, ಇವೆಲ್ಲ ಊರಿಂದೂರಿಗೆ ಹರಿಯುತ್ತವೆ. ಹೆಗ್ಗಳಿಕೆ ಒಂದು ಊರಿನ ಹೆಸರಿಗೆ ಬಂದರೂ ಅದರ ಭಾರ ಎಲ್ಲ ಊರುಗಳ ಮೇಲೂ ಬೀಳುತ್ತದೆ. ಆ ಭಾರವನ್ನು ಎಷ್ಟು ಹೊರಬೇಕು, ಯಾರು ಹೊರಬೇಕು ಎಂದು ತೀರ್ಮಾನಿಸುವ ಅಧಿಕಾರ ಊರಿನ ಕೈಯಲ್ಲಿದ್ದಾಗ ಇಲ್ಲಿ ಏನಾಯಿತು, ಕೈತಪ್ಪಿದಾಗ ಏನಾಗುತ್ತಿದೆ ಎಂಬುದೇ ನೋಡಬೇಕಾದ ವಿಷಯ.

ಮೊದಲು ನೀರು. ಕಿಬ್ಬರ್ ಸುಮಾರು 4,200 ಮೀಟರ್ ಎತ್ತರದಲ್ಲಿದೆ. ಸ್ಪಿತಿ ನದಿ ಅದರ ಕೆಳಗೆ, ಐನೂರು ಮೀಟರಿಗೂ ಹೆಚ್ಚು ಆಳದಲ್ಲಿ, ಜಲ್ಲಿಯ ಅಗಲವಾದ ಪಾತ್ರದಲ್ಲಿ ಹಲವು ಕವಲಾಗಿ ಹರಿಯುತ್ತದೆ. ಹೊಲದ ಅಂಚಿಗೆ ಬಂದರೆ ಕಣಿವೆಯ ನೀರು ಕಾಣುತ್ತದೆ, ಆದರೆ ಅದರ ಒಂದು ಹನಿಯೂ ಈ ಹೊಲಕ್ಕೆ ಬಾರದು. ಮುಂಗಾರು ಹಿಮಾಲಯದ ದಕ್ಷಿಣದ ಸಾಲುಗಳಲ್ಲೇ ಬಹುಪಾಲು ಸುರಿದುಹೋಗುವುದರಿಂದ ಸ್ಪಿತಿ ಮಳೆನೆರಳಿನ ಶೀತಲ ಮರುಭೂಮಿ. ಇಲ್ಲಿನ ಬೇಸಾಯಕ್ಕೆ ಆಧಾರ ಚಳಿಗಾಲದಲ್ಲಿ ಊರ ಮೇಲಿನ ಇಳಿಜಾರುಗಳಲ್ಲಿ ಬಿದ್ದು ಉಳಿದ ಹಿಮ. ಹಿಮನದಿ ಕರಗುತ್ತಿದೆ ಎಂಬ ಮಾತು ಹಿಮಾಲಯದ ಬಗ್ಗೆ ಎಲ್ಲರ ಬಾಯಲ್ಲೂ ಇದೆ. ಈ ಮೇಲೂರುಗಳಿಗೆ ಅದಕ್ಕಿಂತ ಹತ್ತಿರದ ಚಿಂತೆ ಆಯಾ ವರ್ಷದ ಹಿಮದ್ದು. ದೊಡ್ಡ ಹಿಮನದಿಯಿರುವ ಕಣಿವೆಯಲ್ಲಿ ಒಂದು ಚಳಿಗಾಲ ಬರಿದಾದರೂ ಹಳೆಯ ಮಂಜುಗಡ್ಡೆ ಬೇಸಿಗೆಯಲ್ಲಿ ಕರಗಿ ಕೊರತೆಯನ್ನು ಸ್ವಲ್ಪ ತುಂಬಿಕೊಡುತ್ತದೆ. ಆ ಉಳಿತಾಯದ ಖಾತೆ ಇಲ್ಲದ ಊರಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹಿಮ ಬೀಳದಿದ್ದರೆ ಅದೇ ಮೇ ತಿಂಗಳಲ್ಲಿ ಕಾಲುವೆ ಒಣಗಿರುತ್ತದೆ.

ಆ ಕಾಲುವೆಗೆ ಕುಹ್ಲ್ ಎನ್ನುತ್ತಾರೆ. ಹಿಮ ಕರಗುವ ಎಡೆಯಿಂದ ಬೆಟ್ಟದ ಮೈಯನ್ನು ಬಳಸಿಕೊಂಡು, ಕಲ್ಲು ಜೋಡಿಸಿ, ಸೋರುವಲ್ಲಿ ಮಣ್ಣು ಮೆತ್ತಿ, ಕೆಲವು ಕಡೆ ಮೈಲುಗಟ್ಟಲೆ ಇದನ್ನು ಎಳೆದು ತಂದಿರುತ್ತಾರೆ. ಊರ ಮೇಲೆ ಒಂದು ಕೊಳ ಇರುತ್ತದೆ. ರಾತ್ರಿಯಿಡೀ ತೆಳ್ಳಗೆ ಬಂದ ನೀರು ಅದರಲ್ಲಿ ನಿಲ್ಲುತ್ತದೆ; ಬೆಳಿಗ್ಗೆ ತೂಬಿನ ಬಾಯಿಗಿಟ್ಟ ಕಲ್ಲು, ಹುಲ್ಲುಹೆಂಟೆ, ಚಿಂದಿಬಟ್ಟೆಯ ಬಿರಡೆಯನ್ನು ಕಿತ್ತರೆ ಹೊಲಕ್ಕೆ ನುಗ್ಗುವಷ್ಟು ವೇಗ ಅದಕ್ಕೆ ಬಂದಿರುತ್ತದೆ. ಹಗಲಿರುಳೆನ್ನದೆ ತೊಟ್ಟಿಕ್ಕುವ ನೀರನ್ನು ನೇರವಾಗಿ ಹೊಲಕ್ಕೆ ಬಿಟ್ಟರೆ ಮೊದಲ ಪಾತಿಯ ಮರಳೇ ಅದನ್ನು ಕುಡಿದುಬಿಡುತ್ತದೆ. ಹಾಗಾಗಿ ಕೂಡಿಟ್ಟು ಬಿಡುವುದು, ಬಿಟ್ಟದ್ದನ್ನು ಸರದಿಯ ಮೇಲೆ ಹಂಚುವುದು. ನಮ್ಮ ಕೆರೆಯ ಅಚ್ಚುಕಟ್ಟಿನಲ್ಲಿ ನೀರುಗಂಟಿಯ ಕೆಲಸ ಕಂಡವರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರದಿ ಎಂದ ಮಾತ್ರಕ್ಕೆ ಸಮಪಾಲು ಎಂದು ತಿಳಿಯಬಾರದು. ಸ್ಪಿತಿಯ ಹಳೆಯ ರೂಢಿಯಲ್ಲಿ ಜಮೀನು ಹಿರಿಯ ಮಗನದು. ಅವನು ಖಾಂಗ್‌ಚೆನ್, ಅಂದರೆ ದೊಡ್ಡಮನೆಯ ಯಜಮಾನನಾಗುತ್ತಾನೆ, ತಂದೆತಾಯಿ ಪಕ್ಕದ ಚಿಕ್ಕಮನೆಗೆ, ಖಾಂಗ್‌ಚುಂಗ್‌ಗೆ ಸರಿಯುತ್ತಾರೆ, ಕಿರಿಯ ಗಂಡುಮಕ್ಕಳು ಗೊಂಪಾ, ಅಂದರೆ ಬೌದ್ಧ ವಿಹಾರ, ಸೇರುತ್ತಾರೆ, ಹೆಣ್ಣುಮಕ್ಕಳಿಗೆ ಪಾಲಿಲ್ಲ. ನೀರಿನ ಮೊದಲ ಹಕ್ಕೂ ದೊಡ್ಡಮನೆಗಳದ್ದೇ. ಇಂದಿನ ಕಣ್ಣಿಗೆ ಇದು ಅನ್ಯಾಯದ ಕಟ್ಟಳೆ, ಅನುಮಾನವಿಲ್ಲ. ಆದರೆ ಹೊಲ ತುಂಡಾಗದಂತೆ, ನೀರಿನ ಪಾಲುಗಾರರು ತಲೆಮಾರಿನಿಂದ ತಲೆಮಾರಿಗೆ ಹೆಚ್ಚದಂತೆ ಅದು ಕಾಯ್ದದ್ದೂ ನಿಜ. ವರ್ಷಕ್ಕೆ ಒಂದೇ ಬೆಳೆ ಬರುವ ಜಾಗದಲ್ಲಿ ಮನೆಗಳ ಸಂಖ್ಯೆಯನ್ನು ನೀರಿನ ಅಳತೆಗೆ ಹೊಂದಿಸುವ ಉಪಾಯ ಅದಾಗಿತ್ತು. ಹಾಗೆ ಗೊಂಪಾ ಸೇರಿದ ಹುಡುಗರಲ್ಲಿ ಕೆಲವರು ಹೆಚ್ಚಿನ ಓದಿಗೆ ಬರುವುದು ಕರ್ನಾಟಕಕ್ಕೆ, ಮುಂಡಗೋಡಿನ ಡ್ರೆಪುಂಗ್, ಗಾಂಡೆನ್ ಮತ್ತು ಬೈಲಕುಪ್ಪೆಯ ಸೆರಾ ವಿಹಾರಗಳಿಗೆ. ಮುಂಡಗೋಡಿನ ಪೇಟೆಯಲ್ಲಿ ತರಕಾರಿ ಕೊಳ್ಳುತ್ತಿರುವ ಕೆಂಪು ವಸ್ತ್ರದ ತರುಣರೆಲ್ಲ ಟಿಬೆಟಿನ ಮೂಲದವರೆಂದು ನಾವು ಎಣಿಸುತ್ತೇವೆ. ಅವರಲ್ಲಿ ಇಂಥ ಮೇಲೂರಿನ ಕಿರಿಯ ಮಗನೂ ಇರಬಹುದು.

ಈ ಹೊಂದಾಣಿಕೆಯನ್ನು ಮೊದಲು ಅಲುಗಿಸಿದ್ದು ಹಸಿ ಬಟಾಣಿ. 1980ರ ದಶಕದಿಂದ ಹರಡಿದ ಈ ಬೆಳೆ, ಬಯಲುಸೀಮೆಯಲ್ಲಿ ಬಟಾಣಿಯೇ ಸಿಗದ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೊಯ್ಲಿಗೆ ಬರುವುದರಿಂದ ದೆಹಲಿ, ಚಂಡೀಗಢದ ಮಂಡಿಗಳಲ್ಲಿ ಒಳ್ಳೆಯ ಬೆಲೆ ಪಡೆಯಿತು. ಜವೆಗೋಧಿ ಮತ್ತು ನಾಡತಳಿಯ ಕಪ್ಪು ಬಟಾಣಿ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಅದಕ್ಕೆ ಬಿಟ್ಟುಕೊಟ್ಟವು. ಮಕ್ಕಳ ಶಾಲೆಯ ಶುಲ್ಕ, ಶಿಮ್ಲಾದಲ್ಲೊಂದು ಬಾಡಿಗೆ ಕೋಣೆ, ಮನೆಗೆ ಟಿವಿ, ಅಂಗಳಕ್ಕೆ ವಾಹನ, ಇವೆಲ್ಲ ಬಟಾಣಿಯ ದುಡ್ಡಿನಿಂದ ಬಂದವು. ಆ ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ಜವೆಗೋಧಿ ಮನೆಯವರ ಹೊಟ್ಟೆಗೂ ದನದ ಹೊಟ್ಟೆಗೂ ಆಗುತ್ತಿತ್ತು, ಒಂದು ನೀರು ತಪ್ಪಿದರೆ ಅರೆಬೆಳೆಯಾದರೂ ಕೈಗೆ ಸಿಗುತ್ತಿತ್ತು. ಬಟಾಣಿಗೆ ಹೂ ಬಿಡುವ ಹೊತ್ತಿಗೆ ನೀರು ತಪ್ಪಿದರೆ ಮಂಡಿಗೆ ಕಳಿಸಲು ಕಾಯೇ ಇರುವುದಿಲ್ಲ. ಕೊಮಿಕ್‌ನಲ್ಲಿ ಈಚಿನ ವರ್ಷಗಳಲ್ಲಿ ನೀರಿಲ್ಲದೆ ಬಟಾಣಿ ಒಣಗಿದ ಸುದ್ದಿ ಮತ್ತೆ ಮತ್ತೆ ಬಂದಿದೆ. ಫಲಕದ ಮೇಲೆ ಎಲ್ಲಕ್ಕಿಂತ ಎತ್ತರ ಎಂದು ಬರೆದುಕೊಂಡ ಊರಿನ ಮೇಲೆ ಹಿಮ ನಿಲ್ಲಲು ಬೆಟ್ಟ ಅಷ್ಟಾಗಿ ಉಳಿದಿರುವುದಿಲ್ಲ ಎಂಬುದು ಭೂಗೋಳದ ಸರಳ ಲೆಕ್ಕ. ಹಿಂದೂಕುಶ್-ಹಿಮಾಲಯ ಪ್ರದೇಶವನ್ನು ಅಧ್ಯಯನ ಮಾಡುವ, ಕಠ್ಮಂಡುವಿನಲ್ಲಿರುವ ಇಸಿಮೋಡ್ ಸಂಸ್ಥೆ, 2024-25ರ ಚಳಿಗಾಲದಲ್ಲಿ ನೆಲದ ಮೇಲೆ ಹಿಮ ಉಳಿದ ಪ್ರಮಾಣ ವಾಡಿಕೆಗಿಂತ ಶೇ 23.6ರಷ್ಟು ಕಡಿಮೆಯಿತ್ತೆಂದೂ, 23 ವರ್ಷಗಳಲ್ಲೇ ಅದು ಕನಿಷ್ಠವೆಂದೂ ತಿಳಿಸಿತು. ಅದು ಇಡೀ ಪರ್ವತಶ್ರೇಣಿಯ ಸರಾಸರಿ. ಸರಾಸರಿಯಲ್ಲಿ ಒಂದು ಕಣಿವೆಯ ಕೊರತೆಯನ್ನು ಇನ್ನೊಂದರ ಹೆಚ್ಚಳ ಮುಚ್ಚಬಹುದು. ಒಂದು ಊರಿನ ಕಾಲುವೆಗೆ ಆ ಅನುಕೂಲವಿಲ್ಲ.

ಎರಡನೆಯದು ಮೇವು ಮತ್ತು ಮೃಗ. ಕಿಬ್ಬರ್‌ನ ಹೆಸರು ಹಿಮಚಿರತೆಯ ಜೊತೆ ಸೇರಿಕೊಂಡ ಕತೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. 1992ರಲ್ಲಿ ಘೋಷಣೆಯಾದ ಕಿಬ್ಬರ್ ವನ್ಯಜೀವಿ ಧಾಮದ ವಿಸ್ತೀರ್ಣ 2,220 ಚದರ ಕಿಲೋಮೀಟರ್. ಅದರ ಅಂಚಿನ ಹಳ್ಳಿಗಳಲ್ಲಿ 1990ರ ದಶಕದ ನಡುವಿನಲ್ಲಿ ಕೆಲಸ ಆರಂಭಿಸಿದ ಚಾರುದತ್ತ ಮಿಶ್ರಾ ಮತ್ತು ಅವರ ಸಂಗಡಿಗರು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ಗೆ ಸೇರಿದವರು. 1997ರಲ್ಲಿ ಮಿಶ್ರಾ ಪ್ರಕಟಿಸಿದ ಅಧ್ಯಯನ ಮೂರು ಹಳ್ಳಿಗಳ 80 ಮನೆಗಳನ್ನು ಮಾತಾಡಿಸಿತ್ತು. ಹದಿನೆಂಟು ತಿಂಗಳಲ್ಲಿ 189 ಜಾನುವಾರುಗಳನ್ನು, ಅಂದರೆ ಒಟ್ಟು ಸಾಕುಪ್ರಾಣಿಗಳಲ್ಲಿ ಶೇ 18ರಷ್ಟನ್ನು, ಹಿಮಚಿರತೆ ಮತ್ತು ತೋಳಗಳು ಕೊಂದವೆಂದು ಜನ ಹೇಳಿದರು. ಸರ್ಕಾರದಿಂದ ಅವರಿಗೆ ಬಂದ ಪರಿಹಾರ ಆ ನಷ್ಟದ ಶೇ 3 ಮಾತ್ರ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಹಿಂದಿನ ಹತ್ತು ವರ್ಷಗಳಲ್ಲಿ ಜಾನುವಾರುಗಳ ಸಂಖ್ಯೆ ಶೇ 37.7ರಷ್ಟು ಏರಿತ್ತು. ಕುರಿ, ಮೇಕೆ, ಯಾಕ್, ಕುದುರೆಗಳೆಲ್ಲ ಒಂದೇ ಇಳಿಜಾರಿನ ಹುಲ್ಲು ಮೇಯುವಾಗ ಹಿಮಚಿರತೆಯ ಸಹಜ ಆಹಾರವಾದ ಭರಲ್‌ಗೆ, ಅಂದರೆ ನೀಲಿ ಕುರಿಗೆ, ಮೇವು ಉಳಿಯುವುದಿಲ್ಲ. ಭರಲ್ ಕಡಿಮೆಯಾದಷ್ಟೂ ಹಿಮಚಿರತೆ ಕೊಟ್ಟಿಗೆಯ ಕಡೆ ತಿರುಗುತ್ತದೆ. ಹೀಗೆ ಜನರ ದೂರಿನ ಬೇರು ಭಾಗಶಃ ಜನರ ಗೋಮಾಳದಲ್ಲೇ ಇತ್ತು.

ಇದನ್ನು ಕಂಡುಹಿಡಿದ ಮೇಲೆ ಮಾಡಿದ್ದೇನು ಎಂಬುದು ಗಮನಿಸತಕ್ಕದ್ದು. ಧಾಮದಿಂದ ಜಾನುವಾರುಗಳನ್ನು ಹೊರಹಾಕಿ ಎಂದು ಮೇಲಿನಿಂದ ಆದೇಶ ತರಿಸಬಹುದಿತ್ತು. ದೇಶದ ಬೇರೆ ಅನೇಕ ಕಾಡುಗಳಲ್ಲಿ ನಡೆದದ್ದು ಅದೇ. ಕಿಬ್ಬರ್‌ನಲ್ಲಿ ಊರಿನವರ ಜೊತೆ ಕೂತು ಮಾತಾಡಿ, ಸುಮಾರು 500 ಹೆಕ್ಟೇರ್ ಗೋಮಾಳವನ್ನು ಮೇಯಿಸದೆ ಬಿಡುವ ಒಪ್ಪಂದಕ್ಕೆ 1990ರ ದಶಕದ ಕೊನೆಯಲ್ಲಿ ಬರಲಾಯಿತು. ಬಿಟ್ಟುಕೊಟ್ಟ ಮೇವಿಗೆ ಊರಿಗೆ ಹಣ ಸಂದಾಯವಾಯಿತು; ಕಾವಲಿಗೆ ಯಾರೆಂದು ಊರೇ ತೀರ್ಮಾನಿಸಿತು. ಭರಲ್‌ಗಳು ಅಲ್ಲಿ ಮತ್ತೆ ಹೆಚ್ಚಿದವು. 2002ರಲ್ಲಿ ಜಾನುವಾರು ವಿಮೆ ಬಂತು. ಕಂತು ಕಟ್ಟುವವರೂ ಊರಿನವರೇ, ಸತ್ತ ಪ್ರಾಣಿಯನ್ನು ನಿಜಕ್ಕೂ ಮೃಗವೇ ಕೊಂದಿತೇ ಎಂದು ತೀರ್ಪು ಕೊಡುವ ಸಮಿತಿಯೂ ಊರಿನದೇ. ನೆರೆಯವನ ಯಾಕ್ ಬಂಡೆಯಿಂದ ಜಾರಿ ಬಿದ್ದು ಸತ್ತದ್ದೋ ಚಿರತೆ ಹಿಡಿದದ್ದೋ ಎಂಬುದನ್ನು ಕಾಜಾದಲ್ಲಿ ಕುಳಿತ ಗುಮಾಸ್ತನಿಗೆ ನಂಬಿಸಬಹುದು, ಊರಿನ ಸಮಿತಿಗೆ ನಂಬಿಸುವುದು ಕಷ್ಟ. ವಿಮೆ ಇಷ್ಟು ವರ್ಷ ನಡೆದುಬಂದದ್ದರ ಗುಟ್ಟು ಇಲ್ಲಿದೆ ಎಂದು ನನಗನಿಸುತ್ತದೆ.

ಒಂದು ಕಾಲದಲ್ಲಿ ಜನವರಿ ಬಂತೆಂದರೆ ಕದ ಮುಚ್ಚಿ ಒಲೆಯ ಸುತ್ತ ಕೂರುತ್ತಿದ್ದ ಊರು ಕಿಬ್ಬರ್. ಈಗ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿಳಿಯುವ ಚಳಿಯಲ್ಲಿ ಬೆಂಗಳೂರಿನವರೂ ಸೇರಿದಂತೆ ಎಲ್ಲೆಡೆಯ ಛಾಯಾಗ್ರಾಹಕರು ಅಲ್ಲಿಗೆ ಬಂದು ವಾರಗಟ್ಟಲೆ ಉಳಿಯುತ್ತಾರೆ. ದೂರದರ್ಶಕ ಹಿಡಿದು ಬಂಡೆಸಾಲನ್ನು ಹುಡುಕುವ ಜಾಡುಗಾರ, ಮುಕ್ಕಾಲಿ ಸ್ಟ್ಯಾಂಡ್ ಹೊರುವ ಹುಡುಗ, ಅಡುಗೆಯವರು, ಕೋಣೆ ಕೊಡುವ ಮನೆಯವರು, ಎಲ್ಲರಿಗೂ ಚಳಿಗಾಲದಲ್ಲೇ ಸಂಪಾದನೆ. 2024ರ ಜನವರಿಯಲ್ಲಿ ಪ್ರಕಟವಾದ ದೇಶದ ಮೊದಲ ಹಿಮಚಿರತೆ ಗಣತಿ 718 ಪ್ರಾಣಿಗಳನ್ನು ಅಂದಾಜಿಸಿ, ಹಿಮಾಚಲದ ಪಾಲಿಗೆ 51 ಎಂದು ಬರೆದಿತ್ತು. 2025ರ ರಾಜ್ಯ ಸಮೀಕ್ಷೆ ಅದನ್ನು 83ಕ್ಕೆ ಏರಿಸಿತು. ಅದಕ್ಕೆ ಬಂಡೆಗಳ ನಡುವೆ ಕ್ಯಾಮೆರಾ ಕಟ್ಟಿ, ಚಿತ್ರಗಳನ್ನು ಬೇರ್ಪಡಿಸಿದವರಲ್ಲಿ ಈ ಕಡೆಯ ಹೆಂಗಸರೂ ಇದ್ದಾರೆ. ಆಸ್ತಿಯಲ್ಲಿ ಪಾಲಿಲ್ಲದ ಹೆಣ್ಣುಮಕ್ಕಳ ಕೈಗೆ ಸ್ವಂತ ದುಡಿಮೆಯ ಹಣ ಬಂದದ್ದು ಇಲ್ಲಿ ಚಿರತೆಯ ದೆಸೆಯಿಂದ.

ಬೇಸಿಗೆಯ ಪ್ರವಾಸೋದ್ಯಮದ ರೀತಿ ಬೇರೆ. ಚಳಿಗಾಲದ ಅತಿಥಿ ಕೆಲವೇ ಮಂದಿ, ಹೆಚ್ಚು ದಿನ ಇರುವವನು, ಊರಿನವರಿಲ್ಲದೆ ಒಂದು ಹೆಜ್ಜೆ ಇಡಲಾರದವನು. ಬೇಸಿಗೆಯಲ್ಲಿ ಬರುವವನು ಬೈಕಿನಲ್ಲೋ ಕಾರಿನಲ್ಲೋ ಬೆಳಿಗ್ಗೆ ಲಂಗ್ಜಾದ ಬುದ್ಧನ ಪ್ರತಿಮೆ ನೋಡಿ, ಹಿಕ್ಕಿಂನಿಂದ ಮನೆಗೆ ಪೋಸ್ಟ್‌ಕಾರ್ಡ್ ಹಾಕಿ, ಕೊಮಿಕ್‌ನ ಫಲಕದ ಮುಂದೆ ನಿಂತು, ಮಧ್ಯಾಹ್ನ ಕಿಬ್ಬರ್‌ನಲ್ಲಿ ಊಟ ಮಾಡಿ, ಚಿಚಂ ಸೇತುವೆಯ ಮೇಲೆ ಡ್ರೋನ್ ಹಾರಿಸಿ ಮುಂದೆ ಹೋಗುವವನು. 2020ರ ಅಕ್ಟೋಬರ್‌ನಲ್ಲಿ ರೋಹತಾಂಗ್ ಕೆಳಗಿನ 9.02 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಬರುವ ದಾರಿ ಹಗುರವಾಯಿತು. ಹೊರಗಿನವರು ಅಷ್ಟಾಗಿ ಗಮನಿಸದ ಬದಲಾವಣೆಯೊಂದನ್ನು ಚಿಚಂ ಸೇತುವೆ ತಂದಿತ್ತು. ಅದಕ್ಕೆ ಮುಂಚೆ ಕಮರಿಯ ಮೇಲೆ ಉಕ್ಕಿನ ಹಗ್ಗ ಕಟ್ಟಿ, ಅದಕ್ಕೆ ತೂಗುಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಕುಳಿತು, ಕೈಯಾರೆ ಹಗ್ಗ ಜಗ್ಗಿಕೊಂಡು ಜನ ದಾಟುತ್ತಿದ್ದರು. ಕೆಳಗೆ ನೋಡಬಾರದೆಂಬುದು ಹೊಸಬರಿಗೆ ಹೇಳುವ ಮೊದಲ ಮಾತು. ಸೇತುವೆ ಮುಗಿಯಲು ಹದಿನೈದು ವರ್ಷಗಳೇ ಹಿಡಿದವು. ಮುಗಿದ ಮೇಲೆ ಚಿಚಂನ ಗರ್ಭಿಣಿಗೂ ಬಟಾಣಿ ಚೀಲಕ್ಕೂ ದಾರಿಯಾಯಿತು ಎಂಬುದರಲ್ಲಿ ಎರಡು ಮಾತಿಲ್ಲ. ಜೊತೆಗೇ, ಅಲ್ಲಿಯವರೆಗೆ ರಸ್ತೆಯ ಕೊನೆಯಾಗಿದ್ದ ಕಿಬ್ಬರ್, ಮನಾಲಿ ದಾರಿಯ ಲೋಸರ್ ಕಡೆಯಿಂದ ಬರುವ ವಾಹನಗಳಿಗೆ ಹಾದುಹೋಗುವ ಊರಾಯಿತು. ಕೊನೆಯ ಊರಿಗೆ ಬಂದವನು ರಾತ್ರಿ ಉಳಿಯುತ್ತಾನೆ; ಹಾದುಹೋಗುವ ಊರಿನಲ್ಲಿ ನೀರು ಕುಡಿದು, ಶೌಚಕ್ಕೆ ಹೋಗಿ, ಬಾಟಲಿ ಎಸೆದು ಹೋಗುತ್ತಾನೆ.

ಶೌಚದ ಮಾತು ಇಲ್ಲಿ ಅಸಭ್ಯವಲ್ಲ, ವಿಷಯದ ತಿರುಳೇ ಅದು. ಸ್ಪಿತಿಯ ಹಳೆಯ ಮನೆಯಲ್ಲಿ ಶೌಚಾಲಯ ಎಂದರೆ ಮೇಲಂತಸ್ತಿನ ನೆಲದಲ್ಲಿ ಒಂದು ಕಂಡಿ, ಮೂಲೆಯಲ್ಲಿ ಮಣ್ಣು ಬೂದಿಯ ಗುಡ್ಡೆ, ಅದರಲ್ಲಿ ನೆಟ್ಟ ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಒಂದು ಸಲಿಕೆ ಮಣ್ಣು ತಳ್ಳಿದರಾಯಿತು. ವರ್ಷದ ಕೊನೆಗೆ ಕೆಳಗಿನ ಕೋಣೆಯಿಂದ ತೆಗೆದದ್ದು ಹೊಲಕ್ಕೆ ಗೊಬ್ಬರ. ಒಂದು ಲೋಟ ನೀರೂ ಬೇಡ, ಪೈಪು ಹೆಪ್ಪುಗಟ್ಟಿ ಒಡೆಯುವ ಭಯವೂ ಇಲ್ಲ. ಬೇಸಿಗೆಯ ಅತಿಥಿಗೆ ಇದು ಒಗ್ಗದು. ಕೋಣೆ ಕಾಯ್ದಿರಿಸುವಾಗ ಅವನು ಕೇಳುವ ಮೊದಲ ಪ್ರಶ್ನೆಯೇ ಹೊಂದಿಕೊಂಡ ಬಚ್ಚಲು, ಬಿಸಿನೀರು. ಹಾಗಾಗಿ ನೀರು ಸುರಿದು ತೊಳೆಯುವ ಶೌಚಾಲಯ ಬಂತು, ಇಂಗುಗುಂಡಿ ಬಂತು, ಹೊಲದ ಗೊಬ್ಬರ ಕಡಿಮೆಯಾಯಿತು, ಅದರ ಜಾಗಕ್ಕೆ ಚೀಲದ ಗೊಬ್ಬರ ಬಂತು. ಬಟಾಣಿಗೆ ಸರದಿ ಕಾಯುವ ಅದೇ ಜೂನ್ ತಿಂಗಳಲ್ಲಿ ಕೋಣೆಗಳೂ ತುಂಬಿರುತ್ತವೆ. ಹೊಲದ ನೀರಿಗೆ ಸರದಿಯ ಕಟ್ಟಳೆಯಿದೆ, ನಲ್ಲಿಯ ನೀರಿಗೆ ಅಂಥದೊಂದು ಇಲ್ಲ. ಈ ಊರುಗಳ ಇಂದಿನ ಬಿಕ್ಕಟ್ಟನ್ನು ಒಂದೇ ಕಡೆ ಬೆರಳಿಟ್ಟು ತೋರಿಸು ಎಂದರೆ ನಾನು ತೋರಿಸುವುದು ಈ ಎರಡು ನೀರುಗಳ ನಡುವಿನ ಸಂದನ್ನು.

ಕಸದ ಕತೆ ಇನ್ನೊಂದು ಬಗೆಯದು. ಹೋಟೆಲುಗಳ, ಶಿಬಿರಗಳ ಎಂಜಲಿನ ಮೇಲೆ ಬೇಸಿಗೆಯಲ್ಲಿ ಕೊಬ್ಬುವ ಬೀದಿನಾಯಿಗಳು ಚಳಿಗಾಲದಲ್ಲಿ ಹಸಿದು ಹಿಂಡುಕಟ್ಟಿ ಕುರಿದೊಡ್ಡಿಗಳಿಗೆ ನುಗ್ಗುತ್ತವೆ. ಸ್ಪಿತಿಯಲ್ಲಿ ನಡೆದ ಅಧ್ಯಯನಗಳಲ್ಲಿ ಜಾನುವಾರುಗಳನ್ನು ಕೊಲ್ಲುವುದರಲ್ಲಿ ನಾಯಿಗಳು ಹಿಮಚಿರತೆ, ತೋಳಗಳನ್ನೂ ಮೀರಿಸಿವೆ. ಚಿರತೆಯ ಜೊತೆ ಊರು ಇಪ್ಪತ್ತು ವರ್ಷ ದುಡಿದು ಮಾಡಿಕೊಂಡ ರಾಜಿಗೆ, ಕಾಜಾದ ಹೋಟೆಲಿನ ಹಿತ್ತಿಲಲ್ಲಿ ಬೆಳೆದ ನಾಯಿ ಬಾಧ್ಯವಲ್ಲ. ಎಂಜಲು ಒಂದೂರಿನದು, ಸತ್ತ ಕುರಿ ಇನ್ನೊಂದೂರಿನದು.

ಮಳೆಯೂ ಲೆಕ್ಕ ತಪ್ಪುತ್ತಿದೆ. ಇಲ್ಲಿನ ಮನೆಗಳು ಹಸಿ ಇಟ್ಟಿಗೆಯವು, ಸುಣ್ಣ ಬಳಿದ ಗೋಡೆ, ಕಪ್ಪು ಅಂಚಿನ ಕಿಟಕಿ, ಸಪಾಟಾದ ಮಣ್ಣಿನ ಮಾಳಿಗೆ. ಮಾಳಿಗೆಯ ಅಂಚಿನಲ್ಲಿ ಗೋಡೆಯಂತೆ ಒಟ್ಟಿದ ಕುರುಚಲು ಸೌದೆ, ಮೇವಿನ ಹೊರೆ, ಬೆರಣಿ, ಇವು ಆರು ತಿಂಗಳ ಚಳಿಗಾಲದ ಉಗ್ರಾಣ. ಹಿಮವನ್ನು ಸಲಿಕೆಯಿಂದ ತಳ್ಳಿದರೆ ಮಾಳಿಗೆ ಉಳಿಯುತ್ತದೆ, ಆದರೆ ದಿನಗಟ್ಟಲೆ ಸುರಿಯುವ ಮಳೆಗೆಂದು ಅದನ್ನು ಕಟ್ಟಿದ್ದಲ್ಲ. 2023ರ ಜುಲೈಯಲ್ಲಿ ಅಕಾಲದ ಹಿಮ ಮತ್ತು ಮಳೆಗೆ ಸಿಕ್ಕಿ ಚಂದ್ರತಾಲ್ ಸರೋವರದ ಬಳಿ 250ಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿದ್ದು, ಅವರನ್ನು ಕರೆತಂದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಚಳಿಗಾಲದ ಹಿಮ ಕಡಿಮೆ, ಬೇಸಿಗೆಯ ಮಳೆ ಹೆಚ್ಚು ಎಂಬ ಈ ಅದಲುಬದಲು ಮುಂದುವರಿದರೆ ನೀರಿನ ಒಟ್ಟು ಮೊತ್ತ ಸರಿಹೋಯಿತೆಂದು ಕಾಗದದ ಮೇಲೆ ತೋರಬಹುದು. ಮಾಳಿಗೆ ಸೋರುತ್ತದೆ, ಬಿತ್ತನೆಗೆ ನೀರಿರುವುದಿಲ್ಲ. ಸೋರುವ ಮಾಳಿಗೆಗೆ ಉತ್ತರವೆಂದು ಬಂದ ಸಿಮೆಂಟಿನ ಮನೆ ಚಳಿಯನ್ನು ತಡೆಯದು. ಅದನ್ನು ಬೆಚ್ಚಗಿಡಲು ಇನ್ನಷ್ಟು ಸೌದೆ ಬೇಕು.

ಸರ್ಕಾರ ಸುಮ್ಮನೆ ಕೂತಿದೆ ಎನ್ನುವಂತಿಲ್ಲ. ಗಡಿ ಹಳ್ಳಿಗಳಿಂದ ಜನ ಗುಳೆ ಹೋಗದಂತೆ ತಡೆಯಲು 2023ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ 4,800 ಕೋಟಿ ರೂಪಾಯಿಯ ವೈಬ್ರಂಟ್ ವಿಲೇಜಸ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಿಮಾಚಲದಲ್ಲಿ ಅದರ ವ್ಯಾಪ್ತಿ ಕಿನ್ನೌರ್ ಮತ್ತು ಲಾಹೌಲ್-ಸ್ಪಿತಿ ಜಿಲ್ಲೆಗಳದ್ದು. 2025ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಸ್ಪಿತಿಯ ಶೀತಲ ಮರುಭೂಮಿಯನ್ನು ತನ್ನ ಜೀವಗೋಳ ಮೀಸಲುಗಳ ಜಾಲಕ್ಕೆ ಸೇರಿಸಿಕೊಂಡಿತು. ಅದರ 7,770 ಚದರ ಕಿಲೋಮೀಟರಿನಲ್ಲಿ ಕಿಬ್ಬರ್ ಧಾಮವೂ ಇದೆ. ಒಂದು ಯೋಜನೆ ರಸ್ತೆ, ಪ್ರವಾಸೋದ್ಯಮ ಬೆಳೆಯಲಿ ಎನ್ನುತ್ತದೆ, ಇನ್ನೊಂದು ಮನ್ನಣೆ ಪ್ರಕೃತಿ ಉಳಿಯಲಿ ಎನ್ನುತ್ತದೆ. ಎರಡೂ ಬೇಕಾದವೇ. ಆದರೆ ಕೊಮಿಕ್‌ನ ಮೇಲಿನ ಇಳಿಜಾರಿನಲ್ಲಿ ಈ ವರ್ಷ ಎಷ್ಟು ಹಿಮ ನಿಂತಿದೆ, ಅದರಿಂದ ಎಷ್ಟು ಹೊಲ, ಎಷ್ಟು ದನ, ಎಷ್ಟು ಹಾಸಿಗೆಗಳಿಗೆ ನೀರು ಸಿಕ್ಕೀತು ಎಂಬ ಲೆಕ್ಕವಿಡುವುದು ಇವೆರಡರ ಕೆಲಸವೂ ಅಲ್ಲ.

ಆ ಲೆಕ್ಕವನ್ನು ಇಡಬಲ್ಲವರು ಊರಿನವರೇ. ಹುಲ್ಲಿನ ವಿಷಯದಲ್ಲಿ ಅವರು ಅದನ್ನು ಮಾಡಿ ತೋರಿಸಿದ್ದಾರೆ: 500 ಹೆಕ್ಟೇರ್ ಬಿಟ್ಟುಕೊಟ್ಟರು, ಬದಲಿಗೆ ಇಷ್ಟು ಹಣ ಎಂದು ಮಾತಾಡಿಕೊಂಡರು, ಕಾವಲಿಟ್ಟರು. ನಲ್ಲಿಯ ನೀರಿಗೂ, ಕೋಣೆಗಳ ಸಂಖ್ಯೆಗೂ, ಹಾದುಹೋಗುವ ವಾಹನಕ್ಕೂ ಅಂಥದೇ ಕಟ್ಟಳೆ ಮಾಡುವುದಾದರೆ ಅದು ಕಿಬ್ಬರ್ ಒಂದೇ ಮಾಡಿ ಪ್ರಯೋಜನವಿಲ್ಲ. ಕಿಬ್ಬರ್ ಕೋಣೆ ಕಡಿಮೆ ಮಾಡಿದರೆ ಅತಿಥಿ ಚಿಚಂಗೆ ಹೋಗುತ್ತಾನೆ, ಹಿಕ್ಕಿಂ ವಾಹನಕ್ಕೆ ಸುಂಕ ಹಾಕಿದರೆ ಲಂಗ್ಜಾದಲ್ಲಿ ಜಂಗುಳಿ ಹೆಚ್ಚುತ್ತದೆ. ಏಳೆಂಟು ಊರುಗಳು ಒಟ್ಟಿಗೆ ಕೂರಬೇಕು. ದೊಡ್ಡಮನೆಯ ಹಳೆಯ ನೀರಿನ ಹಕ್ಕಿಗೂ, ಹೊಲವೇ ಇಲ್ಲದೆ ಹೋಂಸ್ಟೇ ನಡೆಸುವ ಕಿರಿಯ ಮಗನ ಹೊಸ ಹಕ್ಕಿಗೂ ಅಲ್ಲಿ ಜಟಾಪಟಿ ಆಗಿಯೇ ಆಗುತ್ತದೆ. ಸಲೀಸಾಗಿ ಮುಗಿಯುವ ಮಾತುಕತೆ ಅದಲ್ಲ.

ಅದಕ್ಕೂ ಮೊದಲು ಎರಡು ಪಂಚಾಂಗಗಳನ್ನು ಹೊಂದಿಸಬೇಕಾದೀತು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತ ಪ್ರವಾಸ ಏರ್ಪಾಡಿನವರು ಜೂನ್ ತಿಂಗಳ ಕೋಣೆಗಳಿಗೆ ಜನವರಿಯಲ್ಲೇ ಮುಂಗಡ ಕೊಟ್ಟುಬಿಡುತ್ತಾರೆ. ಆ ಜೂನ್‌ನಲ್ಲಿ ಕುಹ್ಲ್‌ನಲ್ಲಿ ಎಷ್ಟು ನೀರಿರುತ್ತದೆ ಎಂಬುದು ಮಾರ್ಚ್ ಕಳೆದು, ಊರಿನ ಇಬ್ಬರು ಮೂವರು ಮೇಲಕ್ಕೆ ಹತ್ತಿ ಹಿಮದೊಳಗೆ ಕೋಲು ಚುಚ್ಚಿ ನೋಡಿ ಬರುವವರೆಗೆ ಕಿಬ್ಬರ್‌ನಲ್ಲಿ ಯಾರಿಗೂ ತಿಳಿದಿರುವುದಿಲ್ಲ.